ಮಾಧವರಂ ಮೀನುಗಳ ಶ್ರಾವಣ

ಶ್ರಾವಣ ಮಾಸದಲ್ಲಿ ಮೀನು ಬೆಳ್ಳುಳ್ಳಿ ತಿನ್ನಬಹುದೇ, ಬಾರದೇ? ತುಂಗಭದ್ರೆಯ ದಂಡೆಯ ಮಾಧವರಂನಲ್ಲಿ ಈ ವರ್ಷ ಇದಕ್ಕಿಂತ ಗಹನವಾದ ಪ್ರಶ್ನೆ ಎದ್ದಿಲ್ಲ. ಪಂಚಾಂಗ ತೆರೆದರೆ ಕ್ಷೌರಕ್ಕೆ ದಿನವಿದೆ, ಬೋರು ಕೊರೆಸಲು ಗಳಿಗೆಯಿದೆ. ಮೀನಿನ ವ್ರತದ ಬಗ್ಗೆ ಒಂದಕ್ಷರವಿಲ್ಲ. ಮೀನು ಸಾಕಣೆಯ ಕೈಪಿಡಿಗಳಲ್ಲಿ ಬೆಳ್ಳುಳ್ಳಿಯ ಪ್ರಸ್ತಾಪ ಬರುತ್ತದೆ, ಶ್ರಾವಣದ್ದು ಬರುವುದಿಲ್ಲ. ಹೀಗೆ ಶಾಸ್ತ್ರವೂ ವಿಜ್ಞಾನವೂ ಕೈಬಿಟ್ಟ ಪ್ರಶ್ನೆಯನ್ನು ಕೊನೆಗೆ ಒಬ್ಬ ಹೆಂಗಸಿನ ತಲೆಗೆ ಕಟ್ಟಲಾಯಿತು. ಅವರ ಹೆಸರು ಗಾದಿಲಿಂಗಮ್ಮ. ಆದೋನಿಯ ಹತ್ತಿ ವ್ಯಾಪಾರಿ ಚಂದ್ರಣ್ಣನವರ ಮೀನಿನ ಹೊಂಡಗಳಿಗೆ ಮೇವು ಕಲಸುವುದು ಅವರ ಕೆಲಸ.

ದಸರಾ ಮುಗಿದ ವಾರ. ಹೊಳೆಯ ಕಡೆಯಿಂದ ತಣ್ಣನೆಯ ಗಾಳಿ ಬೀಸುತ್ತಿದೆ. ಮೂಡಲು ಕೆಂಪಾಗುವ ಮೊದಲೇ ತಗಡಿನ ಶೆಡ್ಡಿನೊಳಗೆ ಬೆಳ್ಳುಳ್ಳಿಯ ಘಾಟು ತುಂಬಿದೆ. ನೆಲದ ಮೇಲೆ ತಾಡಪತ್ರಿ, ಅದರ ಮೇಲೆ ಅಕ್ಕಿ ತೌಡು ಮತ್ತು ಶೇಂಗಾ ಹಿಂಡಿಯ ರಾಶಿ. ಪಕ್ಕದ ಬೋಗುಣಿಯಲ್ಲಿ ತೆಳ್ಳಗಿನ ಗಂಜಿ. ಗಾದಿಲಿಂಗಮ್ಮ ಸೆರಗು ಸಿಕ್ಕಿಸಿ, ಮೊಣಕೈವರೆಗೆ ತೋಳು ಇಳಿಸಿ, ಅರೆದ ಬೆಳ್ಳುಳ್ಳಿಯನ್ನೂ ಅರಿಶಿನವನ್ನೂ ಗಂಜಿಯಲ್ಲಿ ಕದಡುತ್ತಾರೆ. ವಿಟಮಿನ್ ಪುಡಿಯ ಪೊಟ್ಟಣವನ್ನು ಮಾತ್ರ ಇನ್ನೂ ಬಿಚ್ಚಿಲ್ಲ. ಬಿಸಿಗೆ ಸುರಿದರೆ ಅದರ ಸತ್ವ ಹಾರಿಹೋಗುತ್ತದೆ.

“ಕೂಸಿಗೆ ಗಂಜಿ ಕುಡಿಸಾಕ ಮೊದಲು ಬೆರಳು ಅದ್ದಿ ನೋಡ್ತೀವಲ್ರೀ, ಹಂಗ. ಬೆರಳಿಗೆ ಬೆಚ್ಚಗ ತಾಕಿದ್ರೂ ಪುಡಿ ಹಾಕಂಗಿಲ್ಲ,” ಎನ್ನುತ್ತಾರೆ. ಬೆರಳು ಅದ್ದುತ್ತಾರೆ, ತಲೆಯಾಡಿಸುತ್ತಾರೆ, ಮತ್ತೆ ಕಾಯುತ್ತಾರೆ.

ಗಂಜಿ ಯಾಕೆಂದರೆ ಅಂಟಿಗೆ. ಬರೀ ಪುಡಿ ಬೆರೆಸಿ ನೀರಿಗಿಳಿಸಿದರೆ ಪುಡಿ ಹೊಂಡದ ಪಾಲು, ತೌಡು ಮೀನಿನ ಪಾಲು. ಗಂಜಿ ಸವರಿದ ಮೇವನ್ನು ನೆರಳಲ್ಲಿ ಆರಲು ಬಿಟ್ಟು, ಗೊಬ್ಬರದ ಹಳೇ ಚೀಲಗಳಿಗೆ ತುಂಬುತ್ತಾರೆ. ಚೀಲದ ತಳದಲ್ಲಿ ಸಾಲಾಗಿ ತೂತು. ಹೊಂಡದ ಉದ್ದಕ್ಕೂ ನೆಟ್ಟ ಬೊಂಬಿನ ನಡುವೆ ಹಗ್ಗ ಕಟ್ಟಿದೆ. ಅದಕ್ಕೆ ಚೀಲಗಳನ್ನು ಇಳಿಬಿಟ್ಟರೆ ಮೀನು ಬಂದು ತೂತಿಗೆ ಬಾಯಿ ಕೊಟ್ಟು ಎಳೆದು ತಿನ್ನುತ್ತವೆ. ಚೀಲ ಕಟ್ಟಲು ನೀರಿನೊಳಗೆ ಹೋಗಬೇಕು. ಹೋಗಲು ಥರ್ಮಾಕೋಲಿನ ತೆಪ್ಪವಿದೆ, ತೆಪ್ಪಕ್ಕೆ ಗಳೆ ಹಾಕಲು ಗಂಡ ಸುಂಕಪ್ಪನವರಿದ್ದಾರೆ.

“ಏ ಹಾರಿಕನವ್ವಾ, ನನ್ನ ಸಾರಿಗೆ ದಿನಾ ಇಷ್ಟು ಬೆಳ್ಳುಳ್ಳಿ ಹಾಕಿದ್ರ ನನಗೂ ಕೆಮ್ಮು ಬರತಿದ್ದಿಲ್ಲ ನೋಡು,” ಎಂದು ಸುಂಕಪ್ಪ ಗಳೆ ಊರುತ್ತಾರೆ. ಹಿಂದೆ ಜಿನ್ನಿಂಗ್ ಮಿಲ್ಲಿನಲ್ಲಿ ಹತ್ತಿಯ ಧೂಳು ಕುಡಿದ ಎದೆ ಅವರದು.

“ನೀ ಉಳಿದ್ರ ನಿನ್ನ ಯಾರು ಕೊಳ್ತಾರ? ಮೀನಾದ್ರ ವ್ಯಾನು ಬರ್ತದ.”

ತೆಪ್ಪ ತುಸು ವಾಲುತ್ತದೆ. ಇಬ್ಬರೂ ನಗುವುದಿಲ್ಲ. ಈ ಮಾತು ದಿನಾ ಆಗುವಂಥದ್ದು. ನಗುವ ದಿನಗಳೆಲ್ಲ ಶ್ರಾವಣಕ್ಕೆ ಮೊದಲೇ ಮುಗಿದಿವೆ.

ಈ ಕಲಸುವಿಕೆಯ ಉದ್ದೇಶವನ್ನು ಗಾದಿಲಿಂಗಮ್ಮನಿಗೆ ಹೇಳಿಕೊಟ್ಟವರು ಬಾಲರಾಜ್. ಆದೋನಿಯ ಮೇವಿನ ಅಂಗಡಿಯಿಂದ ಮೋಟರ್ ಬೈಕಿನಲ್ಲಿ ಹೊಂಡದಿಂದ ಹೊಂಡಕ್ಕೆ ಸುತ್ತುವ, ಡಿಗ್ರಿ ಓದಿದ, ಮಾತಿನಲ್ಲಿ ತೆಲುಗು ಬೆರೆಸುವ, ಮದ್ದಿಗೆ ‘ಮಂದು’ ಎನ್ನುವ, ತಾಳ್ಮೆಯ ಮನುಷ್ಯ. “ಅಕ್ಕಾ, ಇದು ಜಡ್ಡು ವಾಸಿ ಮಾಡೋ ಮಂದು ಅಲ್ಲ. ಜಡ್ಡು ಬಂದ್ರ ತಡಕೊಳ್ಳೋ ಬಲ ಮೊದಲ ಮೈಯಾಗ ಇಡೋದು, ಅಂತೇ,” ಎಂದು ಮೊದಲ ದಿನವೇ ಹೇಳಿದ್ದರಂತೆ. ಬೆಳ್ಳುಳ್ಳಿ, ಅರಿಶಿನ, ವಿಟಮಿನ್, ಈಸ್ಟಿನ ಪುಡಿ ಎಲ್ಲವೂ ಮುಂಚಿತವಾಗಿ ಕೊಡುವಂಥವು. ಮೈಮೇಲೆ ಕೆಂಪು ಮಚ್ಚೆ ಎದ್ದು, ರೆಕ್ಕೆ ಕೊಳೆಯಲು ಶುರುವಾದ ಮೇಲೆ ಕೊಟ್ಟು ಪ್ರಯೋಜನ ಕಡಿಮೆ. ಇದರ ಗುಟ್ಟನ್ನು ಗಾದಿಲಿಂಗಮ್ಮ ತಮ್ಮದೇ ರೀತಿಯಲ್ಲಿ ಹೇಳುತ್ತಾರೆ. “ಜಡ್ಡಾದ ಮೀನು ತಿನ್ನಂಗಿಲ್ರೀ. ತಿನ್ನೋ ಮೀನಿಗೆ ಜಡ್ಡಿರಂಗಿಲ್ಲ. ನಮ್ಮ ಮಂದು ಇರೋದು ಮೇವಿನಾಗ. ಯಾರಿಗೆ ಬೇಕೋ ಅವರಿಗೆ ಮುಟ್ಟಂಗಿಲ್ಲ.”

ಅವರು ಹುಟ್ಟಿದ್ದು ದೇವನಕೊಂಡದ ಕಡೆ, ಕುರಿ ಕಾಯುವವರ ಮನೆಯಲ್ಲಿ. ಅಲ್ಲಿ ಕುರಿಗೆ ಮದ್ದು ಹಾಕುವುದು ಸಣ್ಣವರಿಂದಲೇ ರೂಢಿ: ದವಡೆ ಹಿಡಿದು, ಬಿದಿರಿನ ಗೊಟ್ಟದಲ್ಲಿ ಸುರಿದು, ಗುಟುಕು ಇಳಿಯುವ ತನಕ ಗಂಟಲು ನೀವುವುದು. “ಕುರಿ ಆದ್ರ ಇದು ಕುಡೀತು, ಇದು ಉಗುಳ್ತು ಅಂತ ಗೊತ್ತಾಗ್ತದ. ಮೀನಿನ ದವಡಿ ಎಲ್ಲಿ ಹಿಡೀತೀರಿ?” ಅವರಿಗೆ ದೊರೆಯುವ ಸಾಕ್ಷಿ ಒಂದೇ. ಸಂಜೆ ಚೀಲ ಎತ್ತಿದಾಗ ಕೈಗೆ ಹಗುರಾಗಿ ಬರಬೇಕು. ಭಾರವಾಗಿ ಬಂದರೆ ಹೊಂಡದೊಳಗೆ ಏನೋ ಕೆಟ್ಟಿದೆ.

ಮದುವೆಯಾಗಿ ಮಾಧವರಂಗೆ ಬಂದ ಮೇಲೆ ಕುರಿಯೂ ಇಲ್ಲ, ಹೊಲವೂ ಇಲ್ಲ. ಈ ಸೀಮೆಯ ಉಳಿದ ಮನೆಗಳಂತೆ ಇವರೂ ವರ್ಷವರ್ಷ ‘ಸುಗ್ಗಿ’ಗೆ ಹೋಗುತ್ತಿದ್ದರು. ಬೇರೆ ಕಡೆ ಸುಗ್ಗಿಯೆಂದರೆ ಫಸಲು ಮನೆಗೆ ಬರುವುದು. ಇಲ್ಲಿ ಸುಗ್ಗಿಯೆಂದರೆ ಮನೆಗೆ ಬೀಗ ಹಾಕಿ, ಕಾರ್ತೀಕ ಮುಗಿಯುತ್ತಲೇ ಲಾರಿ ಹತ್ತಿ, ಗುಂಟೂರಿನ ಕಡೆ ಯಾರದೋ ಹೊಲದಲ್ಲಿ ಹತ್ತಿ, ಮೆಣಸಿನಕಾಯಿ ಬಿಡಿಸಿ, ಯುಗಾದಿಗೆ ಮರಳುವುದು. ಮಗಳು ಹಾರಿಕಾ ಕೂಡ ಲಾರಿಯಲ್ಲೇ ಬೆಳೆದವಳು. ಶಾಲೆಯ ಹಾಜರಿಯಲ್ಲಿ ಅವಳ ಹೆಸರಿನ ಮುಂದೆ ಚಳಿಗಾಲ ಪೂರ್ತಿ ಖಾಲಿ. ಹೊಂಡದ ಕೆಲಸ ಸಿಕ್ಕ ಮೇಲೆ, ಮೂರು ವರ್ಷದಿಂದ, ಆ ಲಾರಿ ಇವರನ್ನು ಬಿಟ್ಟು ಹೋಗುತ್ತಿದೆ. ಹಾರಿಕಾ ಈಗ ಹತ್ತನೇ ತರಗತಿ. ಪರೀಕ್ಷೆ ಮಾರ್ಚಿನಲ್ಲಿ, ಅಂದರೆ ಗುಂಟೂರಿನಲ್ಲಿ ಮೆಣಸಿನಕಾಯಿ ರಾಶಿ ಬೀಳುವ ಹೊತ್ತಿಗೆ. ಹೊಂಡವಿದ್ದರೆ ಹುಡುಗಿ ಪರೀಕ್ಷೆಗೆ ಕೂರುತ್ತಾಳೆ. ಇಲ್ಲದಿದ್ದರೆ ಮೂವರೂ ಲಾರಿಗೆ. ಬೆಳೆದ ಹುಡುಗಿಯನ್ನು ಬೀಗ ಹಾಕಿದ ಮನೆಯಲ್ಲಿ ಬಿಟ್ಟು ಹೋಗುವವರು ಈ ಊರಿನಲ್ಲಿ ಯಾರೂ ಇಲ್ಲ.

“ಆಕಿ ನನ್ನ ಬಾಜು ಮಲಗಂಗಿಲ್ರೀ ಈಗ,” ಎಂದು ಗಾದಿಲಿಂಗಮ್ಮ ಕೈ ಮೂಸಿಕೊಳ್ಳುತ್ತಾರೆ. “ಅವ್ವಾ, ನನ್ನ ಸೈನ್ಸ್ ಪುಸ್ತಕಕ್ಕೂ ಬೆಳ್ಳುಳ್ಳಿ ವಾಸನಿ ಹತ್ತೇತಿ, ಕ್ಲಾಸಿನಾಗ ನಗ್ತಾರ ಅಂತಾಳ. ನಗಲಿ ಬಿಡು ಅಂದೆ. ಕ್ಲಾಸಿನಾಗ ಕುಂತೀಯಲ್ಲ.”

ಚಂದ್ರಣ್ಣನವರು ಮೀನು ಸಾಕಿದ್ದೇ ಒಂದು ಕತೆ. ಮನೆತನ ಶುದ್ಧ ಶೈವ. ಅಡುಗೆಮನೆಗೆ ಮೊಟ್ಟೆಯ ನೆರಳೂ ಬಿದ್ದಿಲ್ಲ. ಆದರೆ ಹೊಳೆಗೆ ಹತ್ತಿದ ಅವರ ಜಮೀನು ಚೌಳು ಹಿಡಿದು, ಬಿತ್ತಿದ ಹತ್ತಿ ಮೊಣಕಾಲೆತ್ತರವೂ ಏಳದಾಯಿತು. ಕರಾವಳಿ ಆಂಧ್ರದ ಯಾರೋ ವ್ಯಾಪಾರಿ ಮಿತ್ರರು, ನೆಲ ಕೆಟ್ಟರೇನು, ನೀರು ನಿಲ್ಲುತ್ತದಲ್ಲ ಎಂದರು. ಚಂದ್ರಣ್ಣನವರು ಎರಡು ಹೊಂಡ ತೋಡಿಸಿದರು. ಅವರ ಮಾಧವರಂ ಮನೆಯ ಹಿತ್ತಲಿಗೆ ಹತ್ತಿದ್ದು ‘ಮನೀ ಕೆರಿ’, ಆಚೆಯದು ‘ಹೊಳೀ ಕೆರಿ’. ಕಟ್ಲಾ, ರೋಹು ಮರಿ ಬಿಟ್ಟರು. ಬಿಟ್ಟ ಮೇಲೆ ಒಂದು ತೊಡಕು ಎದುರಾಯಿತು: ಮನೆಯಲ್ಲಿ ಅವುಗಳ ಹೆಸರು ಹೇಳುವುದು ಹೇಗೆ? ಚಂದ್ರಣ್ಣನವರ ತಾಯಿ ಪಂಪಮ್ಮನವರು ಎಂಬತ್ತು ದಾಟಿದ ಹಿರಿಯರು, ಇರುವುದು ಈ ಮನೆಯಲ್ಲೇ. ಅವರ ಕಿವಿಗೆ ಆ ಶಬ್ದ ಬೀಳಬಾರದು. ಹತ್ತಿ ವ್ಯಾಪಾರದ ಶಬ್ದವೊಂದು ನೆರವಿಗೆ ಬಂತು. ಅಂದಿನಿಂದ ಆ ಮನೆಯಲ್ಲಿ ಮೀನು ಇಲ್ಲ, ‘ಸರಕು’ ಇದೆ. ಸರಕು ಮೇವು ತಿನ್ನುತ್ತದೆ, ಸರಕಿಗೆ ಮಚ್ಚೆ ಬರುತ್ತದೆ, ಸರಕು ರಾಯಚೂರಿಗೆ ಹೋಗುತ್ತದೆ.

ಎಲ್ಲ ಬರಾಬರ್ ಇತ್ತು, ಶ್ರಾವಣ ಒಂದನ್ನು ಬಿಟ್ಟು. ಆ ತಿಂಗಳು ಚಂದ್ರಣ್ಣನವರು ಬಲೆ ಹಾಕಿಸುವುದಿಲ್ಲ. ಜೀವ ತೆಗೆಯುವ ತಿಂಗಳಲ್ಲ ಎಂಬುದು ಒಂದು ಕಾರಣ. ಕೊಳ್ಳುವವರೂ ಮೀನು ಬಿಟ್ಟಿರುತ್ತಾರೆ ಎಂಬುದು ಇನ್ನೊಂದು. ಧರ್ಮವೂ ವ್ಯಾಪಾರವೂ ಹೀಗೆ ಒಂದೇ ಗಾಡಿಗೆ ಹೂಡಿಕೊಳ್ಳುವುದು ಅಪರೂಪ. ಆದರೆ ಆಷಾಢದಲ್ಲೇ ಮಾರಿಹೋಗಬೇಕಿದ್ದ ಮೀನು ಮನೀ ಕೆರೆಯಲ್ಲಿ ಇನ್ನೊಂದು ತಿಂಗಳು ಬೆಳೆಯುತ್ತ, ಒತ್ತಿಕೊಂಡು, ಮೈಗೆ ಮೈ ಉಜ್ಜುತ್ತ ಇರಬೇಕು. ಮೇಲೆ ಮೋಡ. ಜಡ್ಡಿಗೆ ಇದಕ್ಕಿಂತ ಒಳ್ಳೆಯ ಕಾಲವಿಲ್ಲ. ಹಿಂದಿನ ಎರಡು ಶ್ರಾವಣಗಳನ್ನು ಬೆಳ್ಳುಳ್ಳಿ, ಅರಿಶಿನದ ಬಲದಲ್ಲೇ ದಾಟಿಸಿದ್ದೇವೆಂದು ಗಾದಿಲಿಂಗಮ್ಮ ನಂಬಿದ್ದಾರೆ. ಆ ಎರಡು ವರ್ಷ ಬೆಳ್ಳುಳ್ಳಿ ಪಂಪಮ್ಮನವರ ಹಿತ್ತಲಿನ ಒರಳಿನಲ್ಲೇ ಅರೆಯಲಾಗುತ್ತಿತ್ತು. ಶ್ರಾವಣದಲ್ಲಿ ಅವರು ಆದೋನಿಯ ಮನೆಗೆ ಹೋಗಿರುತ್ತಿದ್ದರಿಂದ ಕೇಳುವವರಿರಲಿಲ್ಲ. ಈ ವರ್ಷ ಮೊಣಕಾಲು ನೋವೆಂದು ಮಾಧವರಂನಲ್ಲೇ ಉಳಿದರು.

ಶ್ರಾವಣದ ಹಿಂದಿನ ದಿನ ಹಿತ್ತಲ ಬಾಗಿಲಲ್ಲಿ ನಿಂತು ಕರೆದರು. “ಏ ಗಾದಿಲಿಂಗೀ, ನಾಳಿಂದ ಒಂದ ತಿಂಗಳು ಒರಳಿಗೆ ಬೆಳ್ಳುಳ್ಳಿ ತಾಕಬಾರ್ದು.”

“ಅವ್ವಾರ, ಅದು ಮನಿಗಲ್ರೀ. ಮೀನಿಗೆ.”

“ಹೆಸರು ತಗೀಬ್ಯಾಡ!”

“ಸರಕಿಗ್ರೀ. ಬ್ಯಾಡಂದ್ರ ನಮ್ಮ ಮನಿಯಾಗ ಅರಕೊಂಡು ತರ್ತೀನಿ.”

“ಎಲ್ಲಿ ಅರೆದ್ರೂ ಬೀಳೋದು ನನ್ನ ನೀರಿಗಲ್ಲ? ಸೋಮವಾರ ಎತ್ತಿಗೆ ನೊಗ ಹಾಕ್ತೀವೇನು?”

“ಇಲ್ರೀ.”

“ಎತ್ತು ಬಂದು ನನಗ ವ್ರತ ಐತಿ ಅಂತ ಹೇಳ್ತೇನು? ನಾವು ಹಿಡಿಸ್ತೀವಿ. ನನ್ನ ಮನಿ ಕೂಳು ತಿನ್ನೋ ಜೀವಕ್ಕೆಲ್ಲ ನನ್ನ ಮನಿ ನೇಮ. ಎತ್ತಿಗಿದ್ದದ್ದು ಅವಕ್ಯಾಕ ಬ್ಯಾಡ?”

ಗಾದಿಲಿಂಗಮ್ಮ ಈ ಪ್ರಶ್ನೆಯನ್ನು ಹೊತ್ತು ಬಾಲರಾಜರಿಗೆ ಫೋನ್ ಮಾಡಿದರು. “ಮೀನಿಗೆ ವ್ರತ ಏನಕ್ಕಾ! ಅವ್ವಾರಿಗೆ ಚೆಪ್ಪಂಡಿ, ತಿಳಿಸಿ ಹೇಳ್ರಿ,” ಎಂದರು ಬಾಲರಾಜ್. “ನೀನ ಬಂದು ಚೆಪ್ಪಪ್ಪಾ,” ಎಂದರೆ, ಆ ವಾರ ಅವರಿಗೆ ಸಿ. ಬೆಳಗಲ್ ಕಡೆ ತುಂಬ ಕೆಲಸವಿತ್ತು. ಚಂದ್ರಣ್ಣನವರು ಆದೋನಿಯಿಂದ ಫೋನಿನಲ್ಲೇ ತೀರ್ಪು ಕೊಟ್ಟರು: “ಅವ್ವ ಹೇಳಿದಂಗ ನಡೀಲಿ. ಒಂದ ತಿಂಗಳಲ್ಲ, ಸರಕೇನು ಸಾಯಂಗಿಲ್ಲ.”

ಬೆಳ್ಳುಳ್ಳಿ ನಿಂತಿತು. ಅಲ್ಲಿಗೇ ನಿಂತಿದ್ದರೆ ಏನಾಗುತ್ತಿತ್ತೋ ಹೇಳುವುದು ಕಷ್ಟ. ಆದರೆ ಮೇವಿನ ಶೆಡ್ಡಿನಲ್ಲಿ ಒಂದು ನೀಲಿ ಡ್ರಮ್ಮಿತ್ತು. ಅದರಲ್ಲಿ ಬೆಲ್ಲ, ತೌಡು, ಅಂಗಡಿಯಿಂದ ತಂದ ಒಂದು ಪುಡಿ ಸೇರಿಸಿ ಹುಳಿಯಲು ಬಿಡುವುದು. ಹುಳಿತ ನೀರನ್ನು ವಾರಕ್ಕೊಮ್ಮೆ ಸ್ವಲ್ಪ ಹೊಂಡಕ್ಕೆ ಹೊಯ್ಯುವುದು. ಮೊಸರಿನ ಹೆಪ್ಪಿನ ಹಾಗೆ, ಅದರೊಳಗಿನ ಒಳ್ಳೆಯ ಜೀವಾಣು ಮೀನಿನ ಹೊಟ್ಟೆಯನ್ನೂ ನೀರನ್ನೂ ಹದವಾಗಿಡುತ್ತದೆ. ಬೆಲ್ಲವೆಂದರೆ ಪಂಪಮ್ಮನವರಿಗೂ ಒಪ್ಪಿಗೆ. ದೇವರೇ ತಿನ್ನುವ ಪದಾರ್ಥ. ಮೊದಲ ಸೋಮವಾರ ಅಭಿಷೇಕದ ಹಾಲು, ಜೇನು, ಬಾಳೆಹಣ್ಣು ಉಳಿದದ್ದನ್ನು ತಂಬಿಗೆಯಲ್ಲಿ ತಾವೇ ತಂದು ಡ್ರಮ್ಮಿಗೆ ಸುರಿದರು. ನಾಗರ ಪಂಚಮಿಗೆ ಒಂದು ಬುಟ್ಟಿ ಉಂಡೆ. “ನಾವಷ್ಟ ತಿಂದ್ರ ಹಬ್ಬ ಏನು? ಅವೂ ಸಿಹಿ ತಿನ್ನಲಿ,” ಎಂದರು. ಮೀನಿನ ಹೆಸರನ್ನೇ ಸಹಿಸದ ಮುದುಕಿ ಮೀನಿನ ಬಾಯಿ ಸಿಹಿ ಮಾಡಲು ಮೊಣಕಾಲು ನೋವಿನಲ್ಲಿ ಹಿತ್ತಲು ದಾಟಿ ಬರುತ್ತಿದ್ದರು ಎಂಬುದನ್ನು ಇಲ್ಲಿ ದಾಖಲಿಸಲೇಬೇಕು.

ಗಾದಿಲಿಂಗಮ್ಮನ ಲೆಕ್ಕಾಚಾರವೂ ಅದೇ ದಾರಿ ಹಿಡಿಯಿತು. ಖಾರದ ಬಲ ಹೋಯಿತು, ಸಿಹಿಯ ಬಲವನ್ನಾದರೂ ಹೆಚ್ಚಿಸೋಣ. ವಾರಕ್ಕೊಮ್ಮೆ ಹೊಯ್ಯುವುದನ್ನು ದಿನಾ ಹೊಯ್ದರು. ತಂಬಿಗೆಯ ಬದಲು ಬಕೆಟ್ಟು. ಡ್ರಮ್ಮು ಮನೆಯ ಹತ್ತಿರವಿದ್ದದ್ದರಿಂದ ಎಲ್ಲವೂ ಮನೀ ಕೆರೆಗೇ ಬಿತ್ತು. ಹೊಳೀ ಕೆರೆವರೆಗೆ ಬಕೆಟ್ಟು ಹೊರಲು ಸುಂಕಪ್ಪನವರ ಎದೆಯಲ್ಲಿ ಉಸಿರಿರಲಿಲ್ಲ.

“ಬಾಲರಾಜು ಮೊದಲ ಹೇಳಿದ್ದ, ಮಬ್ಬು ಮೋಡ ಇದ್ದಾಗ ಬೆಲ್ಲದ ನೀರು ಬ್ಯಾಡಕ್ಕಾ ಅಂತ,” ಎನ್ನುತ್ತಾರೆ ಗಾದಿಲಿಂಗಮ್ಮ, ಚೀಲದ ಬಾಯಿ ಬಿಗಿಯುತ್ತ. “ನಾನ ಕಿವಿಗೆ ಹಾಕ್ಕೊಳ್ಳಲಿಲ್ಲ. ಸಿಹಿ ಅಲ್ಲೇನ್ರೀ? ಸಿಹಿ ಏನ್ ಮಾಡ್ತದ ಅಂತ.”

ಸಿಹಿ ಮಾಡಿದ್ದು ಇಷ್ಟು. ನೀರಿಗೆ ಬಿದ್ದ ಬೆಲ್ಲ, ಹಾಲು, ಉಂಡೆ ಎಲ್ಲವೂ ಕೊಳೆಯಲು ನೀರೊಳಗಿನ ಗಾಳಿಯನ್ನೇ ಬಳಸಿಕೊಂಡವು. ಬಿಸಿಲಿದ್ದರೆ ಹೊಂಡದ ಪಾಚಿ ಆ ಗಾಳಿಯನ್ನು ಮತ್ತೆ ತುಂಬುತ್ತದೆ. ಆ ವಾರ ಬಿಸಿಲೇ ಕಾಣಲಿಲ್ಲ. ಚೀಲಗಳು ಸಂಜೆ ಭಾರವಾಗಿ ಬರತೊಡಗಿದವು. ವ್ರತಕ್ಕೆ ಹೊಂದಿಕೊಳ್ಳುತ್ತಿರಬೇಕು ಎಂದುಕೊಂಡರು. ಮೂರನೇ ಸೋಮವಾರ ಬೆಳಗಾಗುವಾಗ ಗಾದಿಲಿಂಗಮ್ಮ ದಂಡೆಗೆ ಬಂದರೆ, ಹೊಂಡದ ತುಂಬ ಬಾಯಿಗಳು. ಮೀನುಗಳೆಲ್ಲ ಮೇಲೆ ಬಂದು, ಬಾಯಿ ತೆರೆದು, ಮುಚ್ಚಿ, ತೆರೆದು, ಗಾಳಿ ಕಚ್ಚುತ್ತಿದ್ದವು. “ಮಳಿ ಹನಿ ಬಿದ್ದಂಗ ಸಪ್ಪಳ ಬರ್ತಿತ್ರೀ. ಮಳಿ ಇದ್ದಿಲ್ಲ.”

ಸುಂಕಪ್ಪ ತೆಪ್ಪ ಬಿಟ್ಟು ನೀರಿಗೇ ಇಳಿದು ಗಳೆಯಿಂದ ಬಡಿದರು. ಗಾದಿಲಿಂಗಮ್ಮ ಡೀಸೆಲ್ ಎಂಜಿನ್ ಹಗ್ಗ ಎಳೆದೆಳೆದು ಕೈ ಹರಿದುಕೊಂಡರು. ಅದು ಚಾಲೂ ಆಗಿ ನೀರು ಚಿಮ್ಮುವ ಹೊತ್ತಿಗೆ ಹೊಂಡದ ಬಣ್ಣ ಬದಲಾಗಿತ್ತು. ಮೊದಲು ಕಟ್ಲಾ ಹೊಟ್ಟೆ ಮೇಲಾಗಿ ತೇಲಿದವು, ಆಮೇಲೆ ರೋಹು. ಎಂಜಿನ್ನಿನ ಬಾಯಿಯ ಬಳಿ ಒತ್ತಿಕೊಂಡ ಒಂದಿಷ್ಟು ಮಧ್ಯಾಹ್ನದವರೆಗೆ ಬದುಕಿದ್ದವು.

ಜೆಸಿಬಿ ತರಿಸಿ ಗುಂಡಿ ತೋಡಿ, ಸುಣ್ಣ ಸುರಿದು ಹೂತರು. ಶ್ರಾವಣದಲ್ಲಿ ಜೀವ ತೆಗೆಯಬಾರದೆಂದು ಉಳಿಸಿಕೊಂಡ ಸರಕೆಲ್ಲ ಶ್ರಾವಣ ಸೋಮವಾರವೇ ಮಣ್ಣಿಗಿಳಿಯಿತು. ವಾಸನೆ ದೇವರ ಕೋಣೆಯವರೆಗೆ ಹೋಯಿತು. ಪಂಪಮ್ಮನವರು ಆ ದಿನ ಪೂಜೆಯನ್ನು ಅರ್ಧಕ್ಕೆ ಬಿಟ್ಟರು, ಊಟವನ್ನೂ ಬಿಟ್ಟರು. ಸಂಜೆ ಗಾದಿಲಿಂಗಮ್ಮನನ್ನು ಕರೆಸಿ ಒಂದೇ ಮಾತು ಕೇಳಿದರಂತೆ: “ಭಾಳ ನರಳಿದ್ವೇನು?”

“ಇಲ್ರೀ ಅವ್ವಾರ. ನಿದ್ದಿ ಹೋದಂಗ ಹೋದ್ವು.”

ಬೆಲ್ಲದಿಂದಲೇ ಸತ್ತವೆಂಬುದು ಪಂಪಮ್ಮನವರಿಗೆ ಇಂದಿಗೂ ಗೊತ್ತಿಲ್ಲ. “ಮುದುಕಿಗೆ ಯಾರು ಹೇಳ್ತಾರ್ರೀ? ಹೊಯ್ದ ಕೈ ನಂದು,” ಎನ್ನುತ್ತಾರೆ ಗಾದಿಲಿಂಗಮ್ಮ. ಮಾಧವರಂಗೆ ಕನ್ನಡ ಪತ್ರಿಕೆ ಬರುವುದಿಲ್ಲ. ಪಂಪಮ್ಮನವರಿಗೆ ಕಣ್ಣೂ ಮಂಜು. ಇಲ್ಲಿ ಬರೆದದ್ದರಿಂದ ತಿಳಿಯುವ ಭಯವಿಲ್ಲ.

ಬೆಳ್ಳುಳ್ಳಿ ಕೊಟ್ಟಿದ್ದರೆ ಆ ಮೀನು ಉಳಿಯುತ್ತಿದ್ದವೇ? ಬಾಲರಾಜ್ ಹೌದೆನ್ನುವುದಿಲ್ಲ. ಉಸಿರು ಕಟ್ಟಿದ್ದಕ್ಕೆ ಬೆಳ್ಳುಳ್ಳಿ ಮದ್ದಲ್ಲ. ಬೆಳ್ಳುಳ್ಳಿ ನಿಲ್ಲದಿದ್ದರೆ ಬೆಲ್ಲ ಹೆಚ್ಚುತ್ತಿರಲಿಲ್ಲ, ಅಷ್ಟು ಮಾತ್ರ ನಿಜ. ಊರಿನಲ್ಲಿ ಮಾತ್ರ ಎರಡು ಪಕ್ಷವಾಗಿದೆ. ಒಂದು, ವ್ರತ ಹಿಡಿಸಿದ್ದಕ್ಕೆ ಸತ್ತವು ಎನ್ನುತ್ತದೆ. ಇನ್ನೊಂದು, ವ್ರತ ಹಿಡಿದು ಸತ್ತದ್ದರಿಂದ ಕೈಲಾಸಕ್ಕೆ ಹೋದವು ಎನ್ನುತ್ತದೆ.

ಉಳಿದದ್ದು ಹೊಳೀ ಕೆರೆ. ಅಲ್ಲಿಯ ಮೀನು ಆಗಿನ್ನೂ ಎಳೆಯವು, ಒತ್ತು ಕಡಿಮೆ; ಸಿಹಿಯೂ ಅಲ್ಲಿಗೆ ತಲುಪಿರಲಿಲ್ಲ. ಆದರೆ ಶ್ರಾವಣ ಮುಗಿಯುವ ಹೊತ್ತಿಗೆ ಕೈಬಲೆಗೆ ಬಂದ ನಾಲ್ಕಾರು ಮೀನಿನ ಪಕ್ಕೆಯಲ್ಲಿ ಕುಂಕುಮದ ಬೊಟ್ಟಿನಂಥ ಕೆಂಪು ಮಚ್ಚೆ ಕಂಡವು. ಚಂದ್ರಣ್ಣನವರು ಬಂದು ದಂಡೆಯ ಮೇಲೆ ನಿಂತು ನೋಡಿದರು. ಅವರು ಬೈಯಲಿಲ್ಲ, ಬೈದಿದ್ದರೆ ಸಮಾಧಾನವಾಗುತ್ತಿತ್ತು ಎನ್ನುತ್ತಾರೆ ಗಾದಿಲಿಂಗಮ್ಮ. “ನೋಡವ್ವಾ, ಹೋದದ್ದು ಹೋತು. ಈ ಕೆರಿ ಸರಕು ಮಚ್ಚಿ ಇಲ್ಲದಂಗ ವ್ಯಾನಿಗೆ ಹತ್ತಿದ್ರ ನನ್ನ ಮೈ ಮ್ಯಾಲಿನ ಭಾರ ಇಳೀತದ. ಮುಂದಿಂದು ಆಮ್ಯಾಲ ನೋಡೂಣು,” ಎಂದು ಕಾರು ಹತ್ತಿದರು. ಮಚ್ಚೆ ಕಂಡರೆ ವ್ಯಾಪಾರಿ ಖಾಲಿ ವ್ಯಾನನ್ನೇ ತಿರುಗಿಸಿಕೊಂಡು ಹೋಗುತ್ತಾನೆಂಬುದು ಇಬ್ಬರಿಗೂ ಗೊತ್ತಿದ್ದ ವಿಷಯ.

ಭಾದ್ರಪದದ ಮೊದಲ ದಿನವೇ ಒರಳಿಗೆ ಬೆಳ್ಳುಳ್ಳಿ ಬಿತ್ತು. ಪಂಪಮ್ಮನವರೇ ನೀರು ಚಿಮುಕಿಸಿ ಒರಳು ತೊಳೆಸಿಕೊಟ್ಟರು. ಅಂದಿನಿಂದ ಈವರೆಗೆ ಗಾದಿಲಿಂಗಮ್ಮ ಒಂದು ಬೆಳಗನ್ನೂ ತಪ್ಪಿಸಿಲ್ಲ. ಮಚ್ಚೆ ಬಿದ್ದ ಮೀನು ಮೇವಿಗೆ ಬರುವುದಿಲ್ಲ ಎಂದು ಗೊತ್ತಿದ್ದೂ, ಬಂದವನ್ನಾದರೂ ಕಾಯಬೇಕಲ್ಲ. ತೇಲಿದ್ದನ್ನು ಕೂಡಲೇ ಎತ್ತಿ ದೂರ ಹೂಳಬೇಕು. ಚೀಲಗಳನ್ನು ಬಿಸಿಲಿಗೆ ಒಣಗ ಹಾಕಿ ಮತ್ತೆ ತುಂಬಬೇಕು. ನೀಲಿ ಡ್ರಮ್ಮನ್ನು ಅವರು ಬೋರಲು ಹಾಕಿದ್ದಾರೆ. ಸಿಹಿಯನ್ನು ಈಗ ಮನೆಯಲ್ಲೂ ಮಾಡುತ್ತಿಲ್ಲ. “ಬೆಲ್ಲದ ಪೆಂಟಿ ನೋಡಿದ್ರ ಆ ಬಾಯಿಗಳು ಕಾಣ್ತಾವು,” ಎನ್ನುತ್ತಾರೆ.

ಬೆಳಕು ಏರಿದೆ. ಕೊನೆಯ ಚೀಲ ಕಟ್ಟಿ, ಹಗ್ಗ ಹಿಡಿದು ಅವರು ನೀರು ನೋಡುತ್ತಾರೆ. ಮೊದಲು ಒಂದು ಸುರುಳಿ ಏಳುತ್ತದೆ, ಆಮೇಲೆ ನಾಲ್ಕು. ಚೀಲ ಅಲುಗುತ್ತದೆ. “ಬಂದ್ವು,” ಎಂದು ಸುಂಕಪ್ಪ ಪಿಸುಗುಟ್ಟುತ್ತಾರೆ. ಗಟ್ಟಿಯಾಗಿ ಹೇಳಿದರೆ ಹೋಗಿಬಿಡುತ್ತವೇನೋ ಎಂಬಂತೆ. ಹದಿನೈದು ದಿನದಿಂದ ಸಂಜೆಯ ಚೀಲ ಹಗುರಾಗಿ ಬರುತ್ತಿದೆ. ಕೈಬಲೆಗೆ ಮಚ್ಚೆಯ ಮೀನು ಸಿಕ್ಕು ವಾರ ದಾಟಿತು. ಬಲೆ ಹಾಕುವುದು ನಾಳೆ ಬೆಳಿಗ್ಗೆ.

ನಿಮಗೇನು ಬೇಕು ಎಂದು ಕೇಳಿದರೆ, ಇಂಥ ಪ್ರಶ್ನೆ ಯಾರೂ ಕೇಳಿಲ್ಲವೆಂಬಂತೆ ಗಂಡನ ಮುಖ ನೋಡುತ್ತಾರೆ. ಮೀನಿನ ಹೊಂಡ ತಮ್ಮದಾಗಲಿ ಎನ್ನುವುದಿಲ್ಲ, ಸನ್ಮಾನವನ್ನಂತೂ ಕೇಳುವುದಿಲ್ಲ. “ಹೊಸ ಮರಿ ಬಿಡ್ತಾರ್ರೀ, ಇವು ಚಲೋ ಹೋದ್ರ. ಮಾರ್ಚಿ ಮಟ ಈ ನೀರಾಗ ಏನರೆ ಈಜ್ತಿದ್ರ ಸಾಕು. ಆಕಿ ಪರೀಕ್ಷಿ ಬರೀಲಿ. ಪಾಸೋ ಫೇಲೋ, ಅದು ಆಕಿ ಪಾಡು. ಬರದು ಬರಲಿ.” ಹಗ್ಗ ಬಿಗಿಯುತ್ತ ಸೇರಿಸುತ್ತಾರೆ, “ನಾನೂ ನಮ್ಮ ಮಗಳ ಪರೀಕ್ಷಿ ಐತ್ರೀ ಅಂತ ಸುಗ್ಗಿ ಮೇಸ್ತ್ರಿಗೆ ಹೇಳೇನಿ. ಲಾರಿಯಾಗ ನಮ್ಮ ಜಾಗ ಬ್ಯಾರೆಯವರಿಗೆ ಕೊಡು ಅಂದೇನಿ.”

ಮರುದಿನ ವ್ಯಾನು ಹೇಳಿದ ಹೊತ್ತಿಗೇ ಬರುತ್ತದೆ. ಬಲೆಯ ಎರಡು ತುದಿ ಹಿಡಿದ ಆಳುಗಳು ಎದೆಮಟ್ಟದ ನೀರಲ್ಲಿ ನಡೆದು ಬರುತ್ತಾರೆ. ಬಲೆ ಕಿರಿದಾದಂತೆ ನೀರು ಕುದಿಯತೊಡಗುತ್ತದೆ. ರಾಯಚೂರಿನ ವ್ಯಾಪಾರಿ ದಂಡೆಯಲ್ಲಿ ಕುಕ್ಕರಗಾಲಲ್ಲಿ ಕೂತು ಒಂದು ಕಟ್ಲಾ ಎತ್ತುತ್ತಾನೆ. ಕಿವಿರು ಬಿಡಿಸಿ ನೋಡುತ್ತಾನೆ, ರೆಕ್ಕೆ ಅಗಲಿಸುತ್ತಾನೆ, ಪಕ್ಕೆಯ ಮೇಲೆ ಬೆರಳಾಡಿಸುತ್ತಾನೆ. ಇನ್ನೊಂದು. ಮತ್ತೊಂದು. ಗಾದಿಲಿಂಗಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ, ಬಿಚ್ಚಿ, ಸುತ್ತುತ್ತಾರೆ. ಚಂದ್ರಣ್ಣನವರು ಮೂಗಿಗೆ ಕರವಸ್ತ್ರ ಹಿಡಿದು ಕಾರಿನ ಪಕ್ಕ ನಿಂತಿದ್ದಾರೆ.

“ಮಚ್ಚಿ ಇಲ್ಲ,” ಎನ್ನುತ್ತಾನೆ ವ್ಯಾಪಾರಿ. “ಏನ್ ಹಾಕಿದ್ಯವ್ವಾ ಇವಕ್ಕ?”

“ಬೆಳ್ಳುಳ್ಳಿ.”

“ಹಂಗಾದ್ರ ಸಾರಿಗೆ ಹಾಕೋದು ಉಳೀತು,” ಎಂದು ಎದ್ದು ಕೈ ಕೊಡವುತ್ತಾನೆ. ಆಳುಗಳು ನಗುತ್ತಾರೆ. ಸುಂಕಪ್ಪನೂ ನಗುತ್ತಾರೆ, ನಗು ಕೆಮ್ಮಾಗುತ್ತದೆ. ಬುಟ್ಟಿಗಳು ಒಂದರ ಹಿಂದೆ ಒಂದು ವ್ಯಾನಿಗೆ ಏರುತ್ತವೆ.

ಚಂದ್ರಣ್ಣನವರ ಮುಖವೂ ತಿಳಿಯಾಗಿದೆ. ಕರವಸ್ತ್ರ ತೆಗೆದು, “ಎರಡು ಸರಕು ನೀನೂ ಮನಿಗೆ ಒಯ್ಯವ್ವಾ,” ಎನ್ನುತ್ತಾರೆ.

“ಒಯ್ತೀನ್ರೀ ಸಾವುಕಾರ್ರ. ಹೊಸ ಮರಿ ಎಂದು ಬಿಡೂಣ್ರೀ? ಕೆರಿ ಒಣಗಿಸಿ ಸುಣ್ಣ ಹಾಕಬೇಕಲ್ಲ.”

ಚಂದ್ರಣ್ಣನವರು ಹೊಂಡವನ್ನೊಮ್ಮೆ ನೋಡುತ್ತಾರೆ. ದನಿಯಲ್ಲಿ ಸಿಟ್ಟಿಲ್ಲ, ಕೃತಜ್ಞತೆಯೇ ಇದೆ. “ಇವೂ ಕೆಟ್ಟಿದ್ರ, ಹೋದ ರೊಕ್ಕ ತಗಿಯಾಕರೆ ಇನ್ನೊಂದು ಸಲ ಮರಿ ಬಿಡಬೇಕಾಗ್ತಿತ್ತು ಗಾದಿಲಿಂಗಮ್ಮ. ನೀ ಉಳಿಸಿಕೊಟ್ಟಿ. ಕೈ ತೊಳಕೊಳ್ಳಾಕ ಇದಕಿಂತ ಚಲೋ ಹೊತ್ತು ಸಿಗಂಗಿಲ್ಲ. ಅವ್ವಗೂ ಬ್ಯಾಡಾಗೇದ. ಮಣ್ಣು ಹೊಡಿಸಿ ಹತ್ತಿ ಗೋದಾಮು ಕಟ್ಟಿಸ್ತೀನಿ.”

ಗಾದಿಲಿಂಗಮ್ಮ “ಹೂನ್ರೀ” ಎನ್ನುತ್ತಾರೆ. ಶೆಡ್ಡಿಗೆ ಹೋಗಿ, ಆ ಬೆಳಿಗ್ಗೆ ರೂಢಿಯಂತೆ ಕಲಸಿಟ್ಟಿದ್ದ ಮೇವನ್ನು ಚೀಲಕ್ಕೆ ತುಂಬಿ ಬಾಯಿ ಬಿಗಿಯುತ್ತಾರೆ.

ಕಾರ್ತೀಕದಲ್ಲಿ ಎರಡೂ ಹೊಂಡಗಳಿಗೆ ಮಣ್ಣು ಹೊಡೆದರು. ಕಾರ್ತೀಕ ಮುಗಿದ ವಾರ ಮಾಧವರಂನಿಂದ ಗುಂಟೂರಿಗೆ ಹೊರಟ ಲಾರಿಯಲ್ಲಿ ಗಾದಿಲಿಂಗಮ್ಮ, ಸುಂಕಪ್ಪ, ಹಾರಿಕಾ ಮೂವರೂ ಇದ್ದರು.